ಬುತ್ತಿ ಕಟ್ಟಿಕೊಂಡ ಗಾಡಿ, ತಂತಿ ಹಿಡಿದ ಗಾಡಿ



ಗೂಗಲ್ಲಿನ ಈ ಉಪನ್ಯಾಸದ ವಿಷಯ ಏನೆಂದು ಕೇಳಲು ಫೋನ್ ಮಾಡಿದ ಸಂಚಾಲಕರಿಗೆ ‘ಹೈಡ್ರೋಜನ್ ರೈಲು, ಕರೆಂಟ್ ರೈಲು’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, ‘ಸರ್, ನಮ್ಮೂರಿಗೆ ಯಾವ ರೈಲೂ ಇಲ್ಲಲ್ರೀ’ ಎಂದರು. ಇಲ್ಲ, ನಿಜ. ಗೂಗಲ್ಲಿನಲ್ಲಿ ಕೃಷ್ಣೆ ಇದ್ದಾಳೆ, ಬ್ಯಾರೇಜು ಇದೆ, ಅಲ್ಲಮಪ್ರಭುವಿನ ಗುಡಿ ಇದೆ, ರೈಲಿಲ್ಲ. ಆದರೆ ಇಲ್ಲದವರು ಯೋಚಿಸಿದಷ್ಟು ಇದ್ದವರು ಯೋಚಿಸುವುದಿಲ್ಲ. ರೈಲಿದ್ದ ಊರಿನವರಿಗೆ ಅದು ಎಷ್ಟು ತಡ ಎಂಬುದೊಂದೇ ಚಿಂತೆ.

ಈ ಮಧ್ಯಾಹ್ನ ಬಸ್ಸಿಳಿದು ಚಹಾದಂಗಡಿಯಲ್ಲಿ ಕೂತಿದ್ದೆ. ನನ್ನ ಹೆಸರು ಕರಪತ್ರದಲ್ಲಿ ನೋಡಿದ್ದ ಹಿರಿಯರೊಬ್ಬರು ಪಕ್ಕದಲ್ಲಿ ಬಂದು ಕೂತರು. ‘ಸರ, ನೀರಿನ ಮ್ಯಾಲ ಗಾಡಿ ಓಡಸ್ತಾರಂತಲ್ರೀ ಈಗ? ಹಂಗಿದ್ರ ನಮ್ಮ ಹೊಳಿ ನೀರು ಕೊಡೋಣು ಬಿಡ್ರಿ. ಗಾಡಿ ಬಿಡ್ಲಿ.’ ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವನು. ಇಷ್ಟು ಒಳ್ಳೆಯ ಪ್ರಶ್ನೆ ತರಗತಿಯಲ್ಲಿ ಬಂದದ್ದು ಕಡಿಮೆ. ಈ ಉಪನ್ಯಾಸ ಅವರಿಗೆ ಕೊಡುವ ಉತ್ತರ ಎಂದುಕೊಳ್ಳಿ. ಅವರು ಹಿಂದುಗಡೆ ಕಂಬದ ಹತ್ತಿರ ಕೂತಿದ್ದಾರೆ.

ಉತ್ತರದ ಅರ್ಧ ಭಾಗ ನಮ್ಮ ಕನ್ನಡದ ಮಾತಿನಲ್ಲೇ ಇದೆ. ಹಳೆಯ ಪಠ್ಯಪುಸ್ತಕಗಳಲ್ಲಿ ಹೈಡ್ರೋಜನ್‌ಗೆ ಜಲಜನಕ ಎಂದು ಹೆಸರು. ಫ್ರಾನ್ಸಿನ ಲವಾಸಿಯೆ 18ನೇ ಶತಮಾನದ ಕೊನೆಯಲ್ಲಿ ಇಟ್ಟ ಹೆಸರಿಗೂ ಅದೇ ಅರ್ಥ. ಜನಕ ಎಂದರೆ ಅಪ್ಪ. ಹೈಡ್ರೋಜನ್ ಉರಿದು ಆಮ್ಲಜನಕದೊಂದಿಗೆ ಕೂಡಿದಾಗ ಹುಟ್ಟುವುದು ನೀರು. ಅಂದರೆ ನೀರು ಇಂಧನವಲ್ಲ, ಇಂಧನ ಉರಿದ ಮೇಲೆ ಉಳಿಯುವ ಬೂದಿ. ಶಕ್ತಿನಗರದ ವಿದ್ಯುತ್ ಸ್ಥಾವರ ಆರ್‌ಟಿಪಿಎಸ್‌ನಲ್ಲಿ ಕಲ್ಲಿದ್ದಲು ಉರಿದ ಮೇಲೆ ಹಾರುಬೂದಿ ಉಳಿಯುತ್ತದಲ್ಲ, ಹಾಗೆ. ಆ ಬೂದಿಯನ್ನು ಮತ್ತೆ ಒಲೆಗೆ ಹಾಕಿ ಅನ್ನ ಬೇಯಿಸಲು ಯಾರೂ ಹೋಗುವುದಿಲ್ಲ. ನೀರಿನಿಂದ ಹೈಡ್ರೋಜನ್ ತೆಗೆಯುವುದೆಂದರೆ ಮಗನ ಹೊಟ್ಟೆಯಿಂದ ಅಪ್ಪನನ್ನು ಹೊರಗೆ ಎಳೆದಂತೆ. ಎಳೆಯಬಹುದು. ಆದರೆ ಎಳೆಯುವುದಕ್ಕೆ ಬಲ ಬೇಕು, ಆ ಬಲದ ಹೆಸರು ಕರೆಂಟು.

ಎಷ್ಟು ಕರೆಂಟು? ಇದಕ್ಕೆ ನಮ್ಮ ದೇಶದಲ್ಲೇ ಲೆಕ್ಕ ಸಿಗುತ್ತದೆ. ಹರಿಯಾಣದ ಜೀಂದ್–ಸೋನಿಪತ್ ನಡುವೆ, 89 ಕಿ.ಮೀ. ಮಾರ್ಗದಲ್ಲಿ, ಒಂದು ಡೀಸೆಲ್ ಡೆಮು ಗಾಡಿಯನ್ನು ಹೈಡ್ರೋಜನ್‌ಗೆ ಬದಲಿಸುವ ಪ್ರಯೋಗವನ್ನು ರೈಲ್ವೆ ಕೈಗೆತ್ತಿಕೊಂಡಿತು. ಯೋಜನೆಗೆ 111.83 ಕೋಟಿ ರೂಪಾಯಿ. ಚೆನ್ನೈನ ಐಸಿಎಫ್ ಕಾರ್ಖಾನೆಯಲ್ಲಿ 2025ರ ಜುಲೈನಲ್ಲಿ ಅದರ ಪವರ್ ಕಾರ್ ಪರೀಕ್ಷೆಯಾಯಿತು. ಹತ್ತು ಬೋಗಿಯ ಗಾಡಿ, ಎರಡು ತುದಿಯಲ್ಲಿ ತಲಾ 1,200 ಕಿಲೋವಾಟ್ ಶಕ್ತಿ. ಅದಕ್ಕೆ ಇಂಧನ ಒದಗಿಸಲು ಜೀಂದ್‌ನಲ್ಲಿ ನೀರನ್ನು ಒಡೆಯುವ ಒಂದು ಯಂತ್ರ: ಸಾಮರ್ಥ್ಯ 1 ಮೆಗಾವಾಟ್, ಉತ್ಪಾದನೆ ದಿನಕ್ಕೆ 430 ಕಿಲೋ ಹೈಡ್ರೋಜನ್.

ಮಕ್ಕಳೇ, ನೋಟುಬುಕ್ಕು ಇದ್ದರೆ ಭಾಗಿಸಿ ನೋಡಿ. ಒಂದು ಮೆಗಾವಾಟ್ ಯಂತ್ರ ಇಪ್ಪತ್ನಾಲ್ಕು ಗಂಟೆ ಓಡಿದರೆ 24,000 ಯೂನಿಟ್ ಕರೆಂಟು. ಅದನ್ನು 430ರಿಂದ ಭಾಗಿಸಿದರೆ ಒಂದು ಕಿಲೋ ಹೈಡ್ರೋಜನ್‌ಗೆ ಸುಮಾರು 56 ಯೂನಿಟ್. ಎರಡು ಬಲ್ಬು, ಒಂದು ಫ್ಯಾನು, ಒಂದು ಟಿವಿ ಇರುವ ನಮ್ಮ ಕಡೆಯ ಮನೆಗೆ ಹೆಚ್ಚುಕಡಿಮೆ ಒಂದು ತಿಂಗಳಿಗೆ ಆಗುವ ಕರೆಂಟು ಅದು. ಇನ್ನು ಆ ಒಂದು ಕಿಲೋದೊಳಗೆ ಅಡಗಿರುವ ಶಕ್ತಿ 33 ಯೂನಿಟ್ ಮಾತ್ರ. ರೈಲಿನಲ್ಲಿರುವ ಇಂಧನ ಕೋಶ ಅದನ್ನು ಮತ್ತೆ ಕರೆಂಟು ಮಾಡುವಾಗ ಸುಮಾರು ಅರ್ಧ ಶಾಖವಾಗಿ ಹೋಗುತ್ತದೆ. ಉಳಿದದ್ದು ಹದಿನಾರು, ಹದಿನೇಳು. ಒತ್ತಡದಲ್ಲಿ ತುಂಬುವುದಕ್ಕೆ ಇಷ್ಟು, ಮೋಟಾರಿನಲ್ಲಿ ಅಷ್ಟು ಎಂದು ಕಳೆದರೆ, ನೂರು ಯೂನಿಟ್ ಕೊಟ್ಟಲ್ಲಿ ಗಾಲಿ ತಿರುಗಿಸಲು ಸಿಗುವುದು ಇಪ್ಪತ್ತೈದರಿಂದ ಮೂವತ್ತು.

ಅದೇ ನೂರು ಯೂನಿಟ್ಟನ್ನು ಹಳಿಯ ಮೇಲಿನ ತಂತಿಗೆ ಕೊಟ್ಟರೆ? ಟ್ರಾನ್ಸ್‌ಫಾರ್ಮರಿನಲ್ಲಿ ಸ್ವಲ್ಪ, ತಂತಿಯಲ್ಲಿ ಸ್ವಲ್ಪ, ಮೋಟಾರಿನಲ್ಲಿ ಸ್ವಲ್ಪ ಹೋಗಿ ಎಪ್ಪತ್ತೈದು, ಎಂಬತ್ತು ಗಾಲಿಗೆ ತಲುಪುತ್ತದೆ. ಗಾಡಿ ಬ್ರೇಕು ಹಾಕಿದಾಗ ಮೋಟಾರೇ ಜನರೇಟರ್ ಆಗಿ ಒಂದಿಷ್ಟನ್ನು ತಂತಿಗೆ ವಾಪಸು ಕೊಡುವುದು ಬೇರೆ. ಹೈಡ್ರೋಜನ್ ಗಾಡಿಯಲ್ಲೂ ಬ್ಯಾಟರಿ ಇಟ್ಟು ಈ ಕೆಲಸ ಮಾಡುತ್ತಾರೆ, ಇಲ್ಲವೆಂದಲ್ಲ. ಆದರೂ ಅದೇ ದೂರಕ್ಕೆ ಅದೇ ಜನರನ್ನು ಒಯ್ಯಲು ಹೈಡ್ರೋಜನ್ ದಾರಿಯಲ್ಲಿ ಎರಡೂವರೆಯಿಂದ ಮೂರು ಪಟ್ಟು ಕರೆಂಟು ಬೇಕು.

ಹೊಳೆಯ ನೀರು ಕೊಡಲು ಮುಂದೆ ಬಂದ ಹಿರಿಯರಿಗೆ ಇನ್ನೊಂದು ಮಾತು. ನೀರು ಇಲ್ಲಿ ಅಂಥ ದೊಡ್ಡ ಸಂಗತಿಯೇ ಅಲ್ಲ. ಒಂದು ಕಿಲೋ ಹೈಡ್ರೋಜನ್‌ಗೆ ಶುದ್ಧ ನೀರು ಒಂಬತ್ತು ಲೀಟರ್, ಶುದ್ಧ ಮಾಡುವಾಗ ಹೋಗುವುದೂ ಸೇರಿ ಇನ್ನಷ್ಟು. ಜೀಂದ್‌ನ ದಿನದ ಲೆಕ್ಕ ನಾಲ್ಕು ಸಾವಿರ ಲೀಟರಿನ ಆಸುಪಾಸು, ಎಂದರೆ ಒಂದು ಟ್ರ್ಯಾಕ್ಟರ್ ಟ್ಯಾಂಕರ್. ನಿಮ್ಮ ಉದಾರತೆಗೆ ಕೃಷ್ಣೆ ಬತ್ತುವುದಿಲ್ಲ. ಬತ್ತುವುದು ಕರೆಂಟು.

ಇಲ್ಲಿ ಒಂದು ಗುಟ್ಟು ಹೇಳಬೇಕು. ಡೀಸೆಲ್ ಗಾಡಿ ಎಂದು ನಾವು ಕರೆಯುವುದು ಕೂಡ ಬಹುಪಾಲು ಕರೆಂಟು ಗಾಡಿಯೇ. ಡೀಸೆಲ್ ಇಂಜಿನ್ನು ನೇರ ಗಾಲಿ ತಿರುಗಿಸುವುದಿಲ್ಲ. ಅದು ಜನರೇಟರ್ ತಿರುಗಿಸುತ್ತದೆ, ಅದರ ಕರೆಂಟಿನಿಂದ ಗಾಲಿಯ ಹತ್ತಿರದ ಮೋಟಾರು ತಿರುಗುತ್ತದೆ. ಹೈಡ್ರೋಜನ್ ಗಾಡಿಯಲ್ಲೂ ಅದೇ ಮೋಟಾರು, ತಂತಿಯ ಗಾಡಿಯಲ್ಲೂ ಅದೇ ಮೋಟಾರು. ಹಾಗಾದರೆ ಜಗಳ ಮೋಟಾರಿನದಲ್ಲ. ಮೋಟಾರಿಗೆ ಕರೆಂಟು ಮನೆಯಿಂದ ಬುತ್ತಿ ಕಟ್ಟಿಕೊಂಡು ಬರಬೇಕೋ, ದಾರಿಯಲ್ಲಿ ಸಿಗಬೇಕೋ ಎಂಬುದಷ್ಟೆ.

ಬುತ್ತಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಯುಗಾದಿಯ ಮುಂಚೆ ಬಾಗಲಕೋಟೆ, ಬೆಳಗಾವಿ ಕಡೆಯಿಂದ ನಮ್ಮ ರಾಯಚೂರು ಜಿಲ್ಲೆಯ ಮೇಲೆ ಹಾದು ಶ್ರೀಶೈಲಕ್ಕೆ ನಡೆದು ಹೋಗುವ ಮಂದಿಯನ್ನು ನೀವೆಲ್ಲ ನೋಡಿದ್ದೀರಿ. ವಾರಗಟ್ಟಲೆ ನಡೆಯುತ್ತಾರೆ, ಆದರೆ ಹೆಗಲ ಮೇಲೆ ವಾರಗಟ್ಟಲೆಯ ಬುತ್ತಿ ಇರುವುದಿಲ್ಲ. ಯಾಕೆ? ದಾರಿ ಗೊತ್ತಿರುವುದರಿಂದ. ಅವರು ಇದೇ ದಾರಿಯಲ್ಲಿ ಬರುತ್ತಾರೆಂದು ಗೊತ್ತಿರುವ ಜನ ಅಲ್ಲಲ್ಲಿ ಶಾಮಿಯಾನ ಹಾಕಿ ದಾಸೋಹ ಇಟ್ಟಿರುತ್ತಾರೆ. ಕುರಿ ಹಿಂಡಿನ ಹಿಂದೆ ಹೋಗುವವನ ಸ್ಥಿತಿ ಹಾಗಲ್ಲ. ಹುಲ್ಲು ಎಲ್ಲಿದೆಯೋ ಅಲ್ಲಿಗೆ ಅವನು. ರೊಟ್ಟಿ ಕಟ್ಟಿಕೊಂಡೇ ಹೊರಡಬೇಕು. ಲಾರಿ, ಟ್ರ್ಯಾಕ್ಟರು, ಹಡಗು ಇವೆಲ್ಲ ಕುರಿ ಕಾಯುವವನ ಜಾತಿ. ರೈಲು ಮಾತ್ರ ಶ್ರೀಶೈಲದ ಯಾತ್ರಿಕ. ನಾಳೆ ಬೆಳಿಗ್ಗೆ ಎಲ್ಲಿ ಹೋಗುತ್ತದೆಂದು ಇವತ್ತೇ ಗೊತ್ತಿರುವ, ನೂರು ವರ್ಷ ಅದೇ ದಾರಿಯಲ್ಲಿ ಹೋಗುವ ವಾಹನ ಅದೊಂದೇ. ತಂತಿ ಎಂದರೆ ಆ ದಾರಿಯ ಉದ್ದಕ್ಕೂ ಇಟ್ಟ ದಾಸೋಹ. 25,000 ವೋಲ್ಟಿನ ತಂತಿಗೆ ನಲವತ್ತು, ಅರವತ್ತು ಕಿ.ಮೀ.ಗೊಂದು ಟ್ರಾಕ್ಷನ್ ಸಬ್‌ಸ್ಟೇಷನ್ ಇದ್ದರೆ ಸಾಕು.

ಈ ಬುತ್ತಿಯ ಭಾರವನ್ನು ನಮ್ಮ ಜಿಲ್ಲೆ ಬಲ್ಲಷ್ಟು ಬೇರೆಯವರು ಬಲ್ಲರೋ ಇಲ್ಲವೋ. ಮುಂಬಯಿಯಿಂದ ಬಂದ ಜಿಐಪಿ ರೈಲ್ವೆ, ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆ ಎರಡೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಆಗ ಇದು ನಿಜಾಮರ ಸೀಮೆ. ಅಲ್ಲಿಂದ ನೂರು ವರ್ಷಕ್ಕೂ ಮೇಲೆ ಇಲ್ಲಿ ಹೊಗೆ ಬಂಡಿ ಓಡಿತು. ನಾನು ಹುಡುಗನಿದ್ದಾಗ ರಾಯಚೂರು ಸ್ಟೇಷನ್ನಿಗೆ ಅಪ್ಪನ ಜೊತೆ ಹೋದರೆ ನನಗೆ ಇಷ್ಟವಾಗುತ್ತಿದ್ದದ್ದು ಇಂಜಿನ್ನಲ್ಲ, ಅದರ ಹಿಂದಿನ ಟೆಂಡರು. ಅದರಲ್ಲಿ ಒಂದು ಗುಡ್ಡ ಕಲ್ಲಿದ್ದಲು, ಒಂದು ಬಾವಿ ನೀರು. ಆನೆಯ ಸೊಂಡಿಲಿನಂಥ ಪೈಪು ಇಳಿಸಿ ನೀರು ತುಂಬಿಸುವಾಗ ಚೆಲ್ಲಿದ್ದು ನಮ್ಮ ಕಾಲಿಗೂ ಸಿಡಿಯುತ್ತಿತ್ತು. ಉರಿಸಿದ ಕಲ್ಲಿದ್ದಲಿನ ನೂರರಲ್ಲಿ ಆರೋ ಏಳೋ ಪಾಲು ಮಾತ್ರ ಗಾಲಿಗೆ ತಲುಪುತ್ತಿತ್ತೆಂದು ತಿಳಿದದ್ದು ಬಹಳ ವರ್ಷದ ಮೇಲೆ. ಉಳಿದದ್ದೆಲ್ಲ ಹೊಗೆ, ಉಗಿ ಮತ್ತು ನಮ್ಮ ಅಂಗಿಯ ಮೇಲಿನ ಮಸಿ.

ದಾಸೋಹದ ಕಲ್ಪನೆ ಕನ್ನಡ ನಾಡಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿ.ಮೀ. ತಂತಿಯ ಮೇಲೆ ಹೋಗಿ ಕೋಲಾರದ ಚಿನ್ನದ ಗಣಿಗೆ ತಲುಪಿತು. ಶೇಷಾದ್ರಿ ಅಯ್ಯರ್ ದಿವಾನಗಿರಿಯ ಕೊನೆಯಲ್ಲಿ ಶುರುವಾದ ಕೆಲಸ. ಕೋಲಾರಕ್ಕೆ ಬಂಡಿಗಟ್ಟಲೆ ಸೌದೆ, ಕಲ್ಲಿದ್ದಲು ಹೊರುವ ಬದಲು ಶಿವನಸಮುದ್ರದಲ್ಲೇ ಜಲಪಾತವನ್ನು ಹಿಡಿದು ತಂತಿಯಲ್ಲಿ ಕಳಿಸಿದರು. ರೈಲಿಗೆ ಆ ಬುದ್ಧಿ ಇಪ್ಪತ್ಮೂರು ವರ್ಷ ತಡವಾಗಿ ಬಂತು. 1925ರ ಫೆಬ್ರುವರಿ 3ರಂದು ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ಕರೆಂಟು ಗಾಡಿ ಓಡಿತು. ಅದು 1,500 ವೋಲ್ಟಿನ ಡಿ.ಸಿ. ಈಗ ದೇಶವೆಲ್ಲ ನೋಡುವ 25,000 ವೋಲ್ಟಿನ ಎ.ಸಿ. ಪದ್ಧತಿಯನ್ನು ರೈಲ್ವೆ ಆರಿಸಿಕೊಂಡದ್ದು 1957ರಲ್ಲಿ. ಆಮೇಲೂ ಆಮೆಯ ನಡಿಗೆ. ಕಳೆದ ಹತ್ತು ವರ್ಷದಲ್ಲಿ ಮಾತ್ರ ಓಟ. ಈಗ ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ನೂರಕ್ಕೆ 99 ಪಾಲಿಗೆ ತಂತಿ ಬಂದಿದೆ.

ಹಣದ ಲೆಕ್ಕಕ್ಕೆ ಬರೋಣ, ಹಣ ಎಂದರೆ ಎಲ್ಲರೂ ಎದ್ದು ಕೂರುತ್ತಾರೆ. ಕೊಂಕಣ ರೈಲ್ವೆಯ ರೋಹಾದಿಂದ ನಮ್ಮ ತೋಕೂರಿನವರೆಗಿನ ಸುಮಾರು 740 ಕಿ.ಮೀ. ಮಾರ್ಗದ ವಿದ್ಯುದೀಕರಣ ಮುಗಿದು 2022ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಅದರ ಲೋಕಾರ್ಪಣೆಯಾಯಿತು. ಖರ್ಚು 1,280 ಕೋಟಿ ರೂಪಾಯಿಯ ಮೇಲೆ. ಎಂದರೆ ಕಿ.ಮೀ.ಗೆ ಒಂದೂಮುಕ್ಕಾಲು ಕೋಟಿಯ ಹತ್ತಿರ. ಅದೂ ಎಂಥ ಮಾರ್ಗ? ಸುರಂಗ, ಸೇತುವೆ, ನಾಲ್ಕು ತಿಂಗಳ ಮಳೆ. ಇನ್ನು ‘ಹೈಡ್ರೋಜನ್ ಫಾರ್ ಹೆರಿಟೇಜ್’ ಎಂಬ ಹೆಸರಿನಲ್ಲಿ ರೈಲ್ವೆ 35 ಹೈಡ್ರೋಜನ್ ಗಾಡಿಗಳ ಯೋಜನೆ ಹೇಳಿದಾಗ ಹಾಕಿದ ಅಂದಾಜು, ಒಂದು ಗಾಡಿಗೆ 80 ಕೋಟಿ, ಜೊತೆಗೆ ಪ್ರತಿ ಮಾರ್ಗಕ್ಕೆ ಇಂಧನದ ವ್ಯವಸ್ಥೆಗೆ 70 ಕೋಟಿ. ಗಾಡಿಗಳದ್ದೇ 2,800 ಕೋಟಿ. ಇಡೀ ಕೊಂಕಣ ರೈಲ್ವೆಗೆ ಎರಡು ಸಲ ತಂತಿ ಎಳೆದರೂ ಒಂದಿಷ್ಟು ಉಳಿಯುತ್ತದೆ. ಹೋಲಿಕೆ ಪೂರ್ತಿ ನ್ಯಾಯವಲ್ಲ ಎಂದು ಒಪ್ಪುತ್ತೇನೆ. ತಂತಿಯ ಲೆಕ್ಕದಲ್ಲಿ ಇಂಜಿನ್ನಿನ ಬೆಲೆ ಸೇರಿಲ್ಲ, ಹೈಡ್ರೋಜನ್‌ದು ಪ್ರಯೋಗದ ಕಾಲದ ಬೆಲೆ, ಮುಂದೆ ಇಳಿಯಬಹುದು. ಆದರೂ ಒಂದು ಗಾಡಿಯ 80 ಕೋಟಿಯಲ್ಲಿ 45 ಕಿ.ಮೀ.ಗೂ ಹೆಚ್ಚು ತಂತಿ ಬರುತ್ತದೆ ಎಂಬುದು ಮರೆಯುವ ಸಂಖ್ಯೆಯಲ್ಲ.

ತಂತಿಯ ಖರ್ಚಿಗೆ ಒಂದು ಗುಣವಿದೆ. ಒಮ್ಮೆ ಹಾಕಿದರೆ ಅದರ ಕೆಳಗೆ ದಿನಕ್ಕೆ ಎರಡು ಗಾಡಿ ಓಡಿದರೂ ಅಷ್ಟೇ, ಅರವತ್ತು ಓಡಿದರೂ ಅಷ್ಟೇ. ಪ್ಯಾಸೆಂಜರಿಗೆ ಹಾಕಿದ ತಂತಿಯಡಿ ಗೂಡ್ಸೂ ಹೋಗುತ್ತದೆ. ಶಕ್ತಿನಗರಕ್ಕೆ ಸಿಂಗರೇಣಿಯಿಂದ ಬರುವ ಕಲ್ಲಿದ್ದಲಿನ ರೇಕುಗಳನ್ನೇ ನೋಡಿ. ಕಲ್ಲಿದ್ದಲಿನಿಂದ ಹುಟ್ಟಿದ ಕರೆಂಟು ಹೋಗಿ ಇನ್ನಷ್ಟು ಕಲ್ಲಿದ್ದಲನ್ನು ಎಳೆದು ತರುತ್ತದೆ. ಅಂಥ ರೇಕು ಎಳೆಯುವ ಒಂದು ಕರೆಂಟು ಇಂಜಿನ್ನಿನ ಬಲ 6,000 ಅಶ್ವಶಕ್ತಿ, ಅಂದರೆ 4,500 ಕಿಲೋವಾಟ್. ಜೀಂದ್‌ನ ಇಡೀ ಹೈಡ್ರೋಜನ್ ಗಾಡಿಯದು 2,400. ಹೈಡ್ರೋಜನ್ ಗಾಡಿ ಪ್ಯಾಸೆಂಜರಿನ ಸಂಸಾರ ನಡೆಸಬಹುದು, ಗೂಡ್ಸಿನ ಹೊರೆ ಅದರ ಬೆನ್ನಿಗೆ ದೊಡ್ಡದು.

ಬುತ್ತಿಯ ಡಬ್ಬಿಯೇ ಭಾರವೆಂಬುದೂ ಒಂದು ತೊಂದರೆ. ನಿಮ್ಮ ಮನೆಯ ಗ್ಯಾಸ್ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸು, ಕಬ್ಬಿಣದ ತೂಕವೂ ಸುಮಾರು ಅಷ್ಟೇ. ಹೈಡ್ರೋಜನ್ ಹಾಗಲ್ಲ. ಅದರಷ್ಟು ಹಗುರ ವಸ್ತು ಲೋಕದಲ್ಲಿ ಬೇರೆ ಇಲ್ಲ. ಬಿಟ್ಟರೆ ಒಂದು ಕಿಲೋ ಹನ್ನೊಂದು ಘನ ಮೀಟರು ಜಾಗ ಹಿಡಿಯುತ್ತದೆ, ಒಂದು ಸಣ್ಣ ಕೋಣೆ. ವಾತಾವರಣದ 350 ಪಟ್ಟು ಒತ್ತಡ ಹಾಕಿ ಅಮುಕಿದರೂ ಆ ಕಿಲೋಗೆ ನಲವತ್ತು ಲೀಟರಿಗೂ ಮೇಲೆ ಜಾಗ ಬೇಕು. ಅದೇ ಜಾಗದಲ್ಲಿ ಡೀಸೆಲ್ ಇಟ್ಟರೆ ಹನ್ನೆರಡು ಪಟ್ಟು ಶಕ್ತಿ. ಅಷ್ಟು ಒತ್ತಡ ತಡೆಯುವ ಡಬ್ಬಿ ಎಷ್ಟೇ ಹಗುರ ಮಾಡಿದರೂ ಒಳಗಿರುವುದಕ್ಕಿಂತ ಹದಿನೈದು, ಇಪ್ಪತ್ತು ಪಟ್ಟು ತೂಕ.

ಹೊರದೇಶದಲ್ಲಿ ಏನಾಯಿತೆಂದು ಕೇಳುತ್ತೀರಿ. ಹೈಡ್ರೋಜನ್ ಗಾಡಿಗೆ ತವರುಮನೆ ಜರ್ಮನಿ. ಅಲ್ಲಿಯ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ 2018ರ ಸೆಪ್ಟೆಂಬರಿನಲ್ಲಿ ಆಲ್‌ಸ್ಟಾಮ್ ಕಂಪನಿಯ ಕೊರಾಡಿಯಾ ಐಲಿಂಟ್ ಎಂಬ ಗಾಡಿ ಪ್ರಯಾಣಿಕರನ್ನು ಹತ್ತಿಸಿಕೊಂಡು ಓಡಿತು. 2022ರಲ್ಲಿ ಅಂಥ 14 ಗಾಡಿ ಸೇರಿ ಇಡೀ ಮಾರ್ಗವೇ ಹೈಡ್ರೋಜನ್ನಿನದಾಯಿತು. ಅದೇ ವರ್ಷ ಒಂದು ಗಾಡಿ ಒಮ್ಮೆ ತುಂಬಿಸಿದ ಇಂಧನದಲ್ಲಿ 1,175 ಕಿ.ಮೀ. ಓಡಿ ತೋರಿಸಿತು. ಸಣ್ಣ ಸಾಧನೆಯಲ್ಲ. ಎಂಜಿನಿಯರುಗಳ ಕೈಚಳಕಕ್ಕೆ ನಾನು ಟೊಪ್ಪಿಗೆ ತೆಗೆಯುತ್ತೇನೆ. ಆದರೆ 2023ರಲ್ಲಿ ಅದೇ ರಾಜ್ಯ, ತಾನು ಮುಂದೆ ಡೀಸೆಲ್ ಬದಲಿಗೆ ಕೊಳ್ಳುವುದು ಬ್ಯಾಟರಿ ಗಾಡಿ ಮತ್ತು ತಂತಿಯ ಗಾಡಿ, ಓಡಿಸುವ ಖರ್ಚು ಕಡಿಮೆ ಎಂದು ಪ್ರಕಟಿಸಿತು. ಬಾಡೆನ್–ವ್ಯುರ್ಟೆಂಬರ್ಗ್ ಎಂಬ ಇನ್ನೊಂದು ರಾಜ್ಯ 2022ರಲ್ಲಿ ತನ್ನ ಮಾರ್ಗಗಳಿಗೆ ಲೆಕ್ಕ ಹಾಕಿಸಿದಾಗ ಹೈಡ್ರೋಜನ್ ದಾರಿ ಶೇ 80ರವರೆಗೂ ದುಬಾರಿ ಎಂದು ಬಂತು. ಮೊದಲು ಓಡಿಸಿದವರೇ ಹಿಂದೆ ಸರಿದರು. ನಾವು ಕಲಿಯಬೇಕಾದ್ದು ಅವರ ಗಾಡಿಯಿಂದ ಅಷ್ಟೇ ಅಲ್ಲ, ಅವರ ಲೆಕ್ಕದ ಪುಸ್ತಕದಿಂದಲೂ.

ಇಷ್ಟಾದ ಮೇಲೆ ತಂತಿಯ ವಕೀಲನಾಗಿ ಬಂದಿದ್ದಾನೆ ಎಂದು ನೀವು ಅಂದುಕೊಂಡರೆ, ಎದುರು ಪಕ್ಷದ ಮಾತನ್ನೂ ಹೇಳಬೇಕು.

ಮೊದಲನೆಯದು, ನಮ್ಮ ಮನೆಯ ಬೂದಿ. ಆರ್‌ಟಿಪಿಎಸ್‌ನ ಮೊದಲ ಘಟಕ 1985ರದು. ಈಗ ಎಂಟು ಘಟಕ, 1,720 ಮೆಗಾವಾಟ್. ಯರಮರಸ್‌ನಲ್ಲಿ ಮತ್ತೆ 1,600. ಕರೆಂಟು ಗಾಡಿಗೆ ಹೊಗೆ ಇಲ್ಲ ಎಂದು ಬೆಂಗಳೂರಿನಲ್ಲಿ ಕೂತು ಹೇಳಬಹುದು. ಶಕ್ತಿನಗರದ ಸುತ್ತಲಿನ ಹಳ್ಳಿಯಲ್ಲಿ ಒಗೆದ ಬಟ್ಟೆ ಹೊರಗೆ ಹರವಿದವರ ಮುಂದೆ ಆ ಮಾತು ನಡೆಯುವುದಿಲ್ಲ. ಗಾಡಿಯ ಹೊಗೆ ಎಲ್ಲೂ ಹೋಗಿಲ್ಲ, ನಮ್ಮ ಜಿಲ್ಲೆಗೆ ಬಂದಿದೆ. ದೇಶದ ಜಾಲದ ಸರಾಸರಿ ನೋಡಿದರೆ ಈಗ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡು. ಈ ಲೆಕ್ಕದಲ್ಲಿ ಇವತ್ತಿನ ಕರೆಂಟು ಗಾಡಿಯ ಇಂಗಾಲವೂ ಒಳ್ಳೆಯ ಡೀಸೆಲ್ ಗಾಡಿಯದೂ ಹೆಚ್ಚುಕಡಿಮೆ ಸಮ. ಈ ಸತ್ಯವನ್ನು ರೈಲ್ವೆಯ ಜಾಹೀರಾತು ಹೇಳುವುದಿಲ್ಲ. ತಂತಿಯ ಪರವಾಗಿ ಹೇಳಬೇಕಾದ್ದು ಬೇರೆ. ಹೊರದೇಶದ ಎಣ್ಣೆ ಉಳಿಯುತ್ತದೆ. ಪಾವಗಡದ ಸೌರ ಪಾರ್ಕಿನಂಥವು ಹೆಚ್ಚಿದಂತೆಲ್ಲ, ಒಂದು ಬೋಲ್ಟೂ ಬದಲಿಸದೆ, ಅದೇ ಗಾಡಿ ಸ್ವಚ್ಛವಾಗುತ್ತ ಹೋಗುತ್ತದೆ.

ಆದರೆ ಅದೇ ಜಾಲದ ಕರೆಂಟಿನಿಂದ ಹೈಡ್ರೋಜನ್ ಮಾಡಿದರೆ ಕಥೆ ನೋಡಿ. 56 ಯೂನಿಟ್ಟಿಗೆ 39 ಕಿಲೋ ಇಂಗಾಲದ ಡೈಆಕ್ಸೈಡು. ಆ ಒಂದು ಕಿಲೋ ಹೈಡ್ರೋಜನ್ ಮಾಡುವ ಕೆಲಸವನ್ನು ನಾಲ್ಕು ಲೀಟರಿನ ಮೇಲೆ ಸ್ವಲ್ಪ ಡೀಸೆಲ್ ಮಾಡುತ್ತದೆ, ಅದರ ಹೊಗೆ ಹನ್ನೆರಡು ಕಿಲೋ ಮೀರದು. ಡೀಸೆಲ್‌ಗಿಂತ ಮೂರು ಪಟ್ಟು ಕೊಳೆ, ಬೋಗಿಯ ಮೇಲೆ ಹಸಿರು ಬಣ್ಣ. ಸರ್ಕಾರದ 2023ರ ಮಾನದಂಡದಲ್ಲಿ ‘ಹಸಿರು ಹೈಡ್ರೋಜನ್’ ಎನ್ನಿಸಿಕೊಳ್ಳಲು ಕಿಲೋಗೆ 2 ಕಿಲೋ ಮೀರಬಾರದು. ಅಂದರೆ ಬಿಸಿಲಿನ ಅಥವಾ ಗಾಳಿಯ ಕರೆಂಟಿನಿಂದಲೇ ಮಾಡಬೇಕು. ಬಿಸಿಲಿಗೇನು, ರಾಯಚೂರಿನಲ್ಲಿ ಕೊರತೆಯೇ? ಸರಿ, ಆದರೆ ಆ ಬಿಸಿಲಿನ ಕರೆಂಟನ್ನು ನೇರ ತಂತಿಗೆ ಕೊಟ್ಟರೆ ಮೂರು ಗಾಡಿ ಓಡುವಲ್ಲಿ ಹೈಡ್ರೋಜನ್ ಮಾಡಿ ಒಂದೇ ಓಡಿಸುವುದು ಯಾವ ಜಾಣತನ?

ಎರಡನೆಯದು, ತಂತಿಗೂ ಕಾಯಿಲೆಗಳಿವೆ. ಕಾಗೆ ಕಂಬದ ಮೇಲೆ ತಂತಿಚೂರು ತಂದು ಗೂಡು ಕಟ್ಟುತ್ತದೆ. ಗಾಳಿಮಳೆಗೆ ಮರ ಬೀಳುತ್ತದೆ. ತಾಮ್ರದ ಆಸೆಗೆ ಕಳ್ಳರು ಬರುತ್ತಾರೆ. ಇಂಜಿನ್ನಿನ ನೆತ್ತಿಯ ಮೇಲೆ ಕರೆಂಟು ಹಿಡಿಯುವ ಒಂದು ಪ್ಯಾಂಟೊಗ್ರಾಫ್ ತಂತಿಗೆ ಸಿಕ್ಕಿಕೊಂಡರೆ ಹಿಂದಿನ ಗಾಡಿಗಳೆಲ್ಲ ಸಾಲಾಗಿ ನಿಲ್ಲುತ್ತವೆ, ಆಗ ಬಿಡಿಸಲು ಬರುವುದು ಡೀಸೆಲ್ ಇಂಜಿನ್ನೇ. ನಮ್ಮ ಕಡೆ ಹತ್ತಿಯ ಲಾರಿಯವರಿಗಂತೂ ಲೆವೆಲ್ ಕ್ರಾಸಿಂಗಿನ ಎತ್ತರದ ಕಮಾನು ಕಂಡರೆ ಆಗುವುದಿಲ್ಲ. ಅಂಡಿಗೆ ಕಟ್ಟುವಾಗ ಯಾರೂ ಅಳೆದು ಕಟ್ಟುವುದಿಲ್ಲವಲ್ಲ. ಬುತ್ತಿ ಕಟ್ಟಿಕೊಂಡ ಗಾಡಿಗೆ ಇವುಗಳ ಯಾವ ಹಂಗೂ ಇಲ್ಲ.

ಮೂರನೆಯದು, ತಂತಿ ಎಳೆಯುವುದು ಕಷ್ಟವಾದ ಅಥವಾ ಎಳೆಯಬಾರದ ಕಡೆಗಳು. ನೀಲಗಿರಿ, ಡಾರ್ಜಿಲಿಂಗ್, ಕಾಲ್ಕಾ–ಶಿಮ್ಲಾ ಗಾಡಿಗಳಿಗೆ ಹೈಡ್ರೋಜನ್ ಎಂದದ್ದು ಅದಕ್ಕೇ. ಪಾರಂಪರಿಕ ಮಾರ್ಗ, ಕಿರಿದಾದ ಸುರಂಗ, ದಿನಕ್ಕೆ ನಾಲ್ಕಾರು ಗಾಡಿ, ನೋಡಲು ಬಂದವರ ಕ್ಯಾಮೆರಾಕ್ಕೆ ಕಂಬ ಅಡ್ಡ. ಒಪ್ಪೋಣ. ಆದರೆ ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಾಟಿಯನ್ನು ಈ ಪಟ್ಟಿಗೆ ಸೇರಿಸಲು ಹೊರಟವರ ಜೊತೆ ನಾನು ಜಗಳವಾಡಿದ್ದೇನೆ. 55 ಕಿ.ಮೀ., 57 ಸುರಂಗ, 50 ಅಡಿಗೆ ಒಂದಡಿ ಏರು. ಕಷ್ಟದ ಜಾಗ ನಿಜ. ಆದರೆ ಏರಿನಲ್ಲೇ ಹೆಚ್ಚು ಬಲ ಬೇಕು, ಇಳಿತದಲ್ಲೇ ಹೆಚ್ಚು ಕರೆಂಟು ವಾಪಸು ಬರುವುದು. ಘಾಟಿ ಎಂದರೆ ತಂತಿಯ ಕಷ್ಟವೂ ಅಲ್ಲೇ, ಸುಖವೂ ಅಲ್ಲೇ. ರೈಲ್ವೆ ಅಲ್ಲಿಗೂ ತಂತಿಯನ್ನೇ ಆರಿಸಿತು. ಜೀಂದ್ ಕೂಡ ತಂತಿ ಇಲ್ಲದ ಸೀಮೆಯಲ್ಲ ಎಂಬುದನ್ನು ಗಮನಿಸಿ. ಹರಿಯಾಣದ ಬ್ರಾಡ್‌ಗೇಜ್ ಎಲ್ಲಕ್ಕೂ ವಿದ್ಯುತ್ ಬಂದಿದೆ ಎಂದು ರೈಲ್ವೆಯೇ ಹೇಳಿಕೊಂಡಿದೆ. ಹಾಗಾಗಿ ಅದು ಅಗತ್ಯದ ಗಾಡಿಯಲ್ಲ, ಅಭ್ಯಾಸದ ಗಾಡಿ. ಕಲಿಯಲು ಒಂದು ಗಾಡಿ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಮೂವತ್ತೈದರ ಮಾತು ಬಂದಾಗ ತಕರಾರು.

ಹಾಗಾದರೆ ಹೈಡ್ರೋಜನ್ ಯಾರಿಗೆ? ಇದನ್ನು ಮಾನ್ವಿ, ಸಿಂಧನೂರಿನ ರೈತರ ಎದುರು ಹೇಳುವ ಅವಕಾಶ ಸಿಕ್ಕಿದ್ದಕ್ಕೆ ಖುಷಿ. ನೀವು ಭತ್ತದ ಗದ್ದೆಗೆ ಹಾಕುವ ಯೂರಿಯಾ ಹುಟ್ಟುವುದೇ ಹೈಡ್ರೋಜನ್ನಿನಿಂದ. ಹೈಡ್ರೋಜನ್ನಿಗೆ ಗಾಳಿಯ ಸಾರಜನಕ ಸೇರಿಸಿ ಅಮೋನಿಯಾ, ಅದರಿಂದ ಯೂರಿಯಾ. ಒಂದು 45 ಕಿಲೋ ಚೀಲದ ಹಿಂದೆ ಸುಮಾರು 4.5 ಕಿಲೋ ಹೈಡ್ರೋಜನ್ ಇದೆ. ಇವತ್ತು ಅದನ್ನು ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ. ಒಂದು ಕಿಲೋ ಹೈಡ್ರೋಜನ್‌ಗೆ ಒಂಬತ್ತು, ಹತ್ತು ಕಿಲೋ ಇಂಗಾಲದ ಡೈಆಕ್ಸೈಡು ಗಾಳಿಗೆ ಹೋಗುತ್ತದೆ. ಗೊಬ್ಬರದ ಕಾರ್ಖಾನೆಗೆ ತಂತಿ ಎಳೆದು ಕೆಲಸ ಮುಗಿಸಲು ಬರುವುದಿಲ್ಲ. ಅದಕ್ಕೆ ಹೈಡ್ರೋಜನ್ ಅಣುವೇ ಬೇಕು, ಬೇರೆ ದಾರಿ ಇಲ್ಲ. ರೈಲಿಗೆ ಬೇರೆ ದಾರಿ ಇದೆ. ಜೀಂದ್‌ನ ಒಂದು ದಿನದ 430 ಕಿಲೋದಲ್ಲಿ ತೊಂಬತ್ತೈದು ಚೀಲ ಯೂರಿಯಾದ ಹೈಡ್ರೋಜನ್ ಇದೆ. ಯೂರಿಯಾಕ್ಕೆ ಇಂಗಾಲವೂ ಬೇಕು, ಅದನ್ನೆಲ್ಲಿಂದ ತರುವುದೆಂಬ ಜಗಳ ಇನ್ನೊಂದು ಉಪನ್ಯಾಸಕ್ಕಿರಲಿ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ 19,744 ಕೋಟಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಆ ಹೈಡ್ರೋಜನ್ನಿನ ಮೊದಲ ತುತ್ತು ಗೊಬ್ಬರದ ಸಾಲಿನಲ್ಲಿ ನಿಂತವನಿಗೆ ಸಿಗಬೇಕು, ಬೋಗಿಯಲ್ಲಿ ಕೂತವನಿಗಲ್ಲ.

ಇನ್ನು ನಮ್ಮ ರೈಲು. ಮುನಿರಾಬಾದ್–ಮಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997–98ರಲ್ಲಿ. ಆಗ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿವೆ. ರಾಯಚೂರು–ಗದ್ವಾಲ್ ತುಂಡು 2013ರಲ್ಲಿ ತೆರೆಯಿತು, ಅಲ್ಲಿ ಓಡಿದ್ದು ಡೀಸೆಲ್ ಡೆಮು. ಈ ಕಡೆ ಗಿಣಿಗೇರಾದಿಂದ ಗಂಗಾವತಿ, ಕಾರಟಗಿ ದಾಟಿ 2024ರಲ್ಲಿ ಸಿಂಧನೂರಿಗೆ ಗಾಡಿ ಬಂತು. ಗಿಣಿಗೇರಾದಿಂದ ರಾಯಚೂರಿಗೆ ಒಟ್ಟು 165 ಕಿ.ಮೀ., ಅದರಲ್ಲಿ ಮಾನ್ವಿ ಸೀಮೆಯ ಪಾಲು ಕೊನೆಯ ತುಂಡಿನಲ್ಲಿದೆ. ಈಗ ಹೊಸ ಬ್ರಾಡ್‌ಗೇಜ್ ಮಾರ್ಗವನ್ನು ತಂತಿಯ ಜೊತೆಗೇ ಮಂಜೂರು ಮಾಡುತ್ತಾರೆ. ಆದ್ದರಿಂದ ಮಾನ್ವಿಯ ಮಿತ್ರರು ಹೈಡ್ರೋಜನ್ನೋ ಕರೆಂಟೋ ಎಂದು ತಲೆ ಕೆಡಿಸಿಕೊಳ್ಳುವುದು ಬೇಡ. ಶಾಸಕರ, ಸಂಸದರ ಮನೆಗೆ ಹೋದಾಗ ಬೇರೆ ಎರಡು ಪ್ರಶ್ನೆ ಕೇಳಿ. ಹಳಿ ಯಾವಾಗ? ದಿನಕ್ಕೆ ಎಷ್ಟು ಗಾಡಿ? ಬೆಳಿಗ್ಗೆ ಒಂದು, ಸಂಜೆ ಒಂದು ಓಡಿಸಿ ಮೇಲೆ ಹೊಳೆಯುವ ತಂತಿ ತೋರಿಸಿದರೆ ಅದು ದಾಸೋಹದ ಶಾಮಿಯಾನ ಹಾಕಿ ಅನ್ನ ಬೇಯಿಸದೆ ಇಟ್ಟಂತೆ.

ಈ ಸಭೆಗೆ ಬಂದಿರುವ ದೇವದುರ್ಗದವರಿಗೆ ಆ ಹಳಿಯೂ ಇಲ್ಲ ಎಂಬುದು ಗೊತ್ತಿದೆ. ಕಂಬದ ಹತ್ತಿರ ಕೂತ ಹಿರಿಯರು ಆಗಲೇ ಕೈ ಎತ್ತಿದ್ದಾರೆ, ಅವರ ಪ್ರಶ್ನೆ ಏನೆಂದು ನನಗೆ ಅಂದಾಜಿದೆ. ಕೇಳಿ ಯಜಮಾನರೇ. ರಾಯಚೂರಿಗೆ ಕೊನೆಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆಯಂತೆ.